ಶಿಫಾರಸು ಪತ್ರ ಕೇಳಲು ಸಂಕೋಚವೇಕೆ?

ನಿಮ್ಮ ಮನೆಯಲ್ಲೂ ಎಂ.ಎಸ್ಸಿ. ಮುಗಿಸಿದ ಮಗಳೋ ತಂಗಿಯೋ ಇರಬಹುದು. ಪಿಎಚ್.ಡಿ.ಗೋ ವಿದೇಶದ ವಿದ್ಯಾರ್ಥಿವೇತನಕ್ಕೋ ಅರ್ಜಿ ತುಂಬಿಸಿದ್ದಾಳೆ. ಅಂಕಪಟ್ಟಿ ಸಿದ್ಧವಿದೆ. ಆದರೆ ಗೈಡ್ ಬಳಿ ಶಿಫಾರಸು ಪತ್ರ ಕೇಳಲು ಮಾತ್ರ ಬಾಯಿ ಬರುತ್ತಿಲ್ಲ. ‘ಸರ್ ಏನು ತಿಳಿದುಕೊಳ್ಳುತ್ತಾರೋ’ ಎಂದು ದಿನ ದೂಡುತ್ತಾಳೆ. ಅಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ.

ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸುವುದಾಗಿ ಕೇಂದ್ರ ಸರಕಾರವು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೀಗಿರುವಾಗ ಉಳಿದಿರುವ ಬಾಗಿಲುಗಳನ್ನು ಸಂಕೋಚದಿಂದ ನಾವೇ ಮುಚ್ಚಿಕೊಳ್ಳಬಾರದು.

ಶಿಫಾರಸು ಒಂದು ಸಾಕ್ಷ್ಯ

ಒಳಿತಿಗಾಗಿ ಶಿಫಾರಸು ಮಾಡುವವನಿಗೆ ಅದರಲ್ಲಿ ಪಾಲಿದೆಯೆಂದು ಪವಿತ್ರ ಕುರ್‌ಆನ್ (4:85) ಕಲಿಸುತ್ತದೆ. ಆದುದರಿಂದ ಅರ್ಹಳಾದವಳು ಪತ್ರ ಕೇಳುವುದು ಬೇಡುವುದಲ್ಲ. ಆದರೆ ಅದು ಸಾಕ್ಷ್ಯವೂ ಹೌದು. ಹನ್ನೊಂದನೆಯ ಶತಮಾನದಲ್ಲಿ ಮಕ್ಕಾದಲ್ಲಿ ಸಹೀಹುಲ್ ಬುಖಾರಿ ಕಲಿಸುತ್ತಿದ್ದ ಮಹಿಳೆ ಕರೀಮಾ ಅಲ್‌ಮರ್ವಝಿಯ್ಯಾರ ಬಳಿ ಖತೀಬ್ ಬಗ್ದಾದಿಯಂತಹ ವಿದ್ವಾಂಸರೂ ಕಲಿತಿದ್ದರು. ಶಿಷ್ಯರ ಪ್ರತಿಯನ್ನು ತಮ್ಮ ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡುವುದರಲ್ಲಿ ಆಕೆ ಬಹಳ ಕಟ್ಟುನಿಟ್ಟಾಗಿದ್ದರು. ಗುರುವು ತಾನು ಕಂಡದ್ದಕ್ಕೆ ಮಾತ್ರ ಸಾಕ್ಷಿಯಾಗಬೇಕು.

ಕೇಳುವುದು ಹೇಗೆ?

ಕನಿಷ್ಠ ಒಂದು ತಿಂಗಳು ಮೊದಲೇ ಕೇಳಿರಿ. ತಂದೆಯನ್ನೋ ಅಣ್ಣನನ್ನೋ ಕಳುಹಿಸಬೇಡಿ; ಸಂಶೋಧನೆ ನಿಮ್ಮದು, ಮಾತೂ ನಿಮ್ಮದೇ ಆಗಿರಲಿ. ಒಂಟಿಯಾಗಿ ಹೋಗಲು ಮುಜುಗರವಾದರೆ ಗೆಳತಿಯನ್ನು ಕರೆದುಕೊಂಡು ವಿಭಾಗದ ಸಮಯದಲ್ಲೇ ಹೋಗಿರಿ. “ಸರ್, ನನ್ನ ಕೆಲಸದ ಬಗ್ಗೆ ವಿಶ್ವಾಸದಿಂದ ಬರೆಯಲು ತಮಗೆ ಸಾಧ್ಯವೇ?” ಎಂದು ನೇರವಾಗಿ ಕೇಳಿರಿ. ಅವರು ಹಿಂಜರಿದರೆ ಬೇಸರಿಸದೆ, ನಿಮ್ಮನ್ನು ಚೆನ್ನಾಗಿ ಬಲ್ಲ ಇನ್ನೊಬ್ಬ ಅಧ್ಯಾಪಕರನ್ನು ಕೇಳಿರಿ. ಮನಸ್ಸಿಲ್ಲದೆ ಬರೆದ ಪತ್ರದಿಂದ ಹಾನಿಯೇ ಹೆಚ್ಚು.

ಬಯೊಡಾಟ, ಅಂಕಪಟ್ಟಿ, ಸಂಶೋಧನೆಯ ಸಾರಾಂಶ ಮತ್ತು ಕೊನೆಯ ದಿನಾಂಕವನ್ನು ಒಟ್ಟಿಗೆ ಕೊಡಿ. ಹೆಚ್ಚಿನ ವಿದೇಶಿ ವಿಶ್ವವಿದ್ಯಾನಿಲಯಗಳು ಗೈಡ್‌ಗೇ ನೇರವಾಗಿ ಇ-ಮೇಲ್ ಕಳುಹಿಸುತ್ತವೆ. ಪತ್ರವನ್ನು ಅವರೇ ಸಲ್ಲಿಸಬೇಕು. ಒಂದು ವಾರ ಮೊದಲು ವಿನಯದಿಂದ ನೆನಪಿಸಿರಿ.

“ನೀನೇ ಬರೆದು ತಾ, ಸಹಿ ಹಾಕುತ್ತೇನೆ” ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಇಲ್ಲೇ ಪರೀಕ್ಷೆ ಇರುವುದು. ನಮ್ಮನ್ನು ನಾವೇ ಹೊಗಳಿ ಅದರ ಕೆಳಗೆ ಇನ್ನೊಬ್ಬರ ಸಹಿ ಹಾಕಿಸಿದರೆ ಅದು ಸಾಕ್ಷ್ಯವಾಗುವುದಿಲ್ಲ. ಪತ್ರದ ಬದಲು ಒಂದು ಟಿಪ್ಪಣಿ ಕೊಡಿ: ಯಾವ ಪ್ರಯೋಗ ಮಾಡಿದಿರಿ, ಎಷ್ಟು ತಿಂಗಳು ದುಡಿದಿರಿ, ಯಾವ ಸೆಮಿನಾರಿನಲ್ಲಿ ಪ್ರಬಂಧ ಮಂಡಿಸಿದಿರಿ. “ಉಳಿದದ್ದನ್ನು ತಮ್ಮ ಮಾತಿನಲ್ಲೇ ಬರೆಯಿರಿ ಸರ್” ಎಂದು ವಿನಂತಿಸಿರಿ. ಎದುರಿಗಿದ್ದ ಕೆಲಸದ ವಿವರ ಕಂಡಾಗ ಬರೆಯುವುದು ಅವರಿಗೂ ಸುಲಭ.

ಫಲಿತಾಂಶ ಏನೇ ಇರಲಿ, ಅವರಿಗೆ ತಿಳಿಸಿ ಕೃತಜ್ಞತೆ ಹೇಳಿರಿ. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಸಲ್ಲಿಸಲಾರ ಎಂಬುದು ಪ್ರವಾದಿ(ಸ)ರ ಬೋಧನೆ.

ತಾಯಂದಿರೇ, ಮಗಳು ಕೇಳಲು ಹಿಂಜರಿಯುತ್ತಿದ್ದರೆ ಇಂದೇ ಧೈರ್ಯ ತುಂಬಿರಿ. ಜ್ಞಾನದ ದಾರಿಯಲ್ಲಿ ಅಲ್ಲಾಹನು ನಮ್ಮ ಹೆಣ್ಮಕ್ಕಳಿಗೆ ನೆರವಾಗಲಿ.