ಗಂಟೆಗೆ ಸಾವಿರ ಸೊಳ್ಳೆ, ಜಗತ್ತಿಗೆ ಒಂದೇ ಗವಿ

ಒಂದು ಬಾವಲಿ ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದಂತೆ, ನಿಜವೇ? ಮಾಲೂರಿನ ಓದುಗರೊಬ್ಬರ ಪ್ರಶ್ನೆ ಇದು. ರಸಪ್ರಶ್ನೆ ಪುಸ್ತಕಗಳಲ್ಲೂ ವಾಟ್ಸ್ಆ್ಯಪ್‌ನಲ್ಲೂ ಈ ಮಾತು ಓಡಾಡಿಕೊಂಡಿದೆ.

ಇದರ ಬೇರು ಅಮೆರಿಕದ ಒಂದು ಪ್ರಯೋಗಶಾಲೆಯಲ್ಲಿದೆ. 1960ರಲ್ಲಿ ಡೊನಾಲ್ಡ್ ಗ್ರಿಫಿನ್ ಮತ್ತು ಸಂಗಡಿಗರು ಕೋಣೆಯೊಂದರಲ್ಲಿ ಹುಳುಗಳ ನಡುವೆ ಬಾವಲಿಗಳನ್ನು ಹಾರಬಿಟ್ಟು, ಬೇಟೆಗೆ ಮೊದಲೂ ಆಮೇಲೂ ಅವನ್ನು ತೂಗಿದರು. ಲೆಕ್ಕ ನಿಮಿಷಕ್ಕೆ ಹತ್ತು ಸೊಳ್ಳೆಯವರೆಗೂ ಬಂತು. ಯಾರೋ ಅದನ್ನು ಅರವತ್ತರಿಂದ ಗುಣಿಸಿ ಆರುನೂರು ಎಂದರು. ಬಾಯಿಂದ ಬಾಯಿಗೆ ದಾಟುತ್ತ ಅದು ಸಾವಿರವೂ ದಾಟಿತು. ಬಯಲಿನ ಬಾವಲಿಗೆ ಕೊಬ್ಬಿದ ಪತಂಗ, ಜೀರುಂಡೆ ಸಿಗುವಾಗ ಸೊಳ್ಳೆಯನ್ನೇ ಎಣಿಸಿ ಎಣಿಸಿ ಹಿಡಿಯುವ ಹರಕೆಯೇನೂ ಇಲ್ಲ.

ಉಬ್ಬಿಸದೆಯೂ ಬೆರಗು ಹುಟ್ಟಿಸುವ ಸಂಗತಿ ಓದುಗರ ಜಿಲ್ಲೆಯಲ್ಲೇ ಇದೆ. ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಕಲ್ಲುಗುಡ್ಡದಲ್ಲೊಂದು ಗವಿ. ಕೋಲಾರ ಎಲೆಮೂಗಿನ ಬಾವಲಿ, ಅಂದರೆ ಹಿಪ್ಪೊಸೈಡರಸ್ ಹೈಪೊಫಿಲಸ್, ಜಗತ್ತಿನಲ್ಲಿ ಈಗ ಕಾಣಸಿಗುವುದು ಈ ಗವಿಯಲ್ಲಿ ಮಾತ್ರ. ವಿಜ್ಞಾನಿಗಳಾದ ಕಾಕ್ ಮತ್ತು ಭಟ್ ಇದನ್ನು ಹೊಸ ಜಾತಿಯೆಂದು ವಿವರಿಸಿದ್ದು 1994ರಲ್ಲಿ. ಆಗ ತೇರಹಳ್ಳಿಯಲ್ಲೂ ಇತ್ತು, ಈಗ ಅಲ್ಲಿಲ್ಲ. ಉಳಿದಿರುವುದು 200ಕ್ಕಿಂತ ಕಡಿಮೆ ಎಂಬುದು ಸಮೀಕ್ಷಕರ ಅಂದಾಜು. ಕೋಲಾರ ಎಂದೊಡನೆ ಚಿನ್ನ, ಹಾಲು, ಟೊಮೆಟೊ ನೆನೆಯುವವರ ಪಟ್ಟಿಗೆ ಇದೊಂದು ಸೇರಬೇಡವೇ?

ಇನ್ನು ಆ ಮೂಗು. ಹೊಳ್ಳೆಗಳ ಸುತ್ತ ಮಡಿಕೆ ಮಡಿಕೆಯಾದ ಚರ್ಮ. ಚೆಲುವಿನ ಸ್ಪರ್ಧೆಗಂತೂ ಅಲ್ಲ. ವಾಸನೆ ಹಿಡಿಯುವುದಕ್ಕೂ ಅಲ್ಲ. ಈ ಕುಟುಂಬದ ಬಾವಲಿಗಳು ಬಾಯಿ ಮುಚ್ಚಿಕೊಂಡು ಮೂಗಿನಿಂದಲೇ ಕೂಗುತ್ತವೆ. ಆ ಮಡಿಕೆಗಳು ಕೂಗನ್ನು ಚೆದುರದಂತೆ ಮುಂದಕ್ಕೆ ತೂರುತ್ತವೆ. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗೆ ಸೋಲುತ್ತದೆ. ಇವುಗಳ ಕೂಗು ಅದಕ್ಕಿಂತ ಎಷ್ಟೋ ಮೇಲಿನದು, ಹಾಗಾಗಿ ಗವಿಯ ಬಾಯಲ್ಲಿ ನಿಂತವರಿಗೆ ರೆಕ್ಕೆಯ ಸದ್ದಷ್ಟೇ ಕೇಳೀತು.

ಸ್ವಾರಸ್ಯವಿರುವುದು ಮುಂದೆ. ಬಂಗಾರಪೇಟೆ ನಿಲ್ದಾಣಕ್ಕೆ ನುಗ್ಗಿ ಬರುವ ರೈಲಿನ ಶಿಳ್ಳೆ ಹತ್ತಿರವಾಗುವಾಗ ಏರುದನಿಯಲ್ಲಿ ಕೇಳುವಂತೆ, ಮುಂದಕ್ಕೆ ಹಾರುವ ಬಾವಲಿಗೆ ತನ್ನದೇ ಕೂಗಿನ ಮಾರ್ದನಿ ಏರಿ ಕೇಳುತ್ತದೆ. ಅದರ ಕಿವಿ ಚುರುಕಾಗಿರುವುದೋ ಒಂದು ಕಿರಿದಾದ ಸ್ವರಪಟ್ಟಿಗೆ ಮಾತ್ರ. ಉಪಾಯವೇನು? ಹಾರುವಾಗ ಕೂಗನ್ನೇ ತುಸು ತಗ್ಗಿಸುವುದು, ಮಾರ್ದನಿ ಸರಿಯಾದ ಸ್ವರಕ್ಕೆ ಬಂದು ಕೂರುವಂತೆ! ಕುದುರೆಲಾಳ ಬಾವಲಿಗಳು ಇದರಲ್ಲಿ ಉಸ್ತಾದರು; ಎಲೆಮೂಗಿನವು ಅಷ್ಟು ಕರಾರುವಾಕ್ಕಲ್ಲದಿದ್ದರೂ ಅದೇ ವಿದ್ಯೆಯವು. ಹುಳು ರೆಕ್ಕೆ ಬಡಿದರೆ ಮಾರ್ದನಿ ನಡುಗುತ್ತದೆ. ಆ ನಡುಕವೇ ಊಟದ ಕರೆ.

ಬಾವಲಿ ಕುರುಡು ಎನ್ನುವವರು ಈಗಲೂ ಇದ್ದಾರೆ. ಇಲ್ಲ, ಅದಕ್ಕೆ ಕಣ್ಣು ಕಾಣುತ್ತದೆ. ತೊಗಲುಬಾವಲಿ ಮನೆಹೊಕ್ಕರೆ ಸಾವೆಂದು ಶಾಂತಿ ಮಾಡಿಸುವವರ ಬಗ್ಗೆ ಹೇಳುವುದೇನು? ಹುಳುವಿನ ಬೆನ್ನು ಹತ್ತಿ ದಾರಿ ತಪ್ಪಿ ಬಂದ ಪ್ರಾಣಿಗೆ ಯಾರ ಜಾತಕವೂ ಗೊತ್ತಿಲ್ಲ. ದೀಪ ಆರಿಸಿ ಕಿಟಕಿ ತೆರೆದಿಟ್ಟರೆ ತಾನಾಗಿ ಹೊರಟುಹೋಗುತ್ತದೆ. ಶ್ರೀನಿವಾಸಪುರದ ಮಾವಿನ ತೋಪಿನವರಿಗೂ ಒಂದು ಮಾತು: ಹಣ್ಣು ಕಚ್ಚುವವು ಬೇರೆಯೇ ಬಾವಲಿಗಳು, ದೊಡ್ಡವು. ಹನುಮನಹಳ್ಳಿಯದು ಹುಳುವನ್ನಷ್ಟೇ ತಿನ್ನುವ ಪುಟ್ಟ ಜೀವಿ.

ಅದಕ್ಕೆ ನಿಜವಾದ ಕಂಟಕ ಬಂದದ್ದು ಗ್ರಾನೈಟ್‌ನಿಂದ. ಗವಿಯಿರುವ ಗುಡ್ಡದಲ್ಲೇ ಅಕ್ರಮ ಕಲ್ಲುಗಣಿಗಾರಿಕೆ ನಡೆದಿತ್ತು. 2016ರಲ್ಲಿ ಐಯುಸಿಎನ್ ಈ ಬಾವಲಿಯನ್ನು ಅಳಿವಿನ ಅಂಚಿನ ತೀವ್ರ ಅಪಾಯದ ವರ್ಗಕ್ಕೆ ಸೇರಿಸಿತು. ರಾಜ್ಯ ಸರ್ಕಾರ ಗವಿಯ ಸುತ್ತಲಿನ ಜಾಗವನ್ನು ರಕ್ಷಿತವೆಂದು ಗುರುತಿಸಿದೆ; ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಅಲ್ಲಿ ಕೆಲಸ ಮಾಡುತ್ತಿದೆ. ಎಲೆಮೂಗಿನ ಬಾವಲಿಗಳು ಹೆರುವುದು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ, ಆದ್ದರಿಂದ ಸಂಖ್ಯೆ ಬೇಗ ಏರುವಂತಿಲ್ಲ. ಇದೇ ಗವಿಯಲ್ಲಿ ಇನ್ನೊಂದು ಅಪರೂಪದ ಬಿಡಾರವೂ ಇದೆ: ಮಧ್ಯಪ್ರದೇಶದ ಜಬಲ್ಪುರದ ಕಡೆ ಮೊದಲು ಪತ್ತೆಯಾದ ದುರ್ಗಾದಾಸ್ ಎಲೆಮೂಗಿನ ಬಾವಲಿಯದು.