ವಾಸ್ತವವೂ ವೀರಕಲ್ಪನೆಯೂ: ಪಾತ್ರಧಾರಣದ ಆಟಗಳಲ್ಲಿ ನಿಯಮವಿಚಾರ

ಆಟವೆಂಬುದು ಕೇವಲ ಕಾಲಹರಣವೆಂದು ಹಿರಿಯರು ಬಗೆಯುವುದುಂಟು. ಆದರೆ ಪ್ರತಿಯೊಂದು ಆಟಕ್ಕೂ ನಿಯಮಗಳಿವೆ. ನಿಯಮಗಳ ಹಿಂದೆ ಒಂದು ಲೋಕದೃಷ್ಟಿಯಿದೆ. ಯಾವ ಕಾರ್ಯಕ್ಕೆ ಫಲ, ಯಾವುದಕ್ಕೆ ದಂಡ ಎಂಬುದನ್ನು ನಿಯಮವೇ ನಿರ್ಣಯಿಸುವುದರಿಂದ, ಅದು ಆಡುವವನ ನಡತೆಯನ್ನು ಉಪದೇಶವಿಲ್ಲದೆಯೇ ತಿದ್ದುತ್ತದೆ. ಅಮೆರಿಕದಲ್ಲಿ ಹುಟ್ಟಿ ಅನೇಕ ದೇಶಗಳಿಗೆ ಹಬ್ಬಿರುವ ಪಾತ್ರಧಾರಣದ ಆಟಗಳು ಇದಕ್ಕೆ ಉತ್ತಮ ನಿದರ್ಶನ.

ಈ ಆಟದಲ್ಲಿ ಕೆಲವರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಒಬ್ಬನು ಸೂತ್ರಧಾರನಾಗಿ ಕಾಡು, ಕೋಟೆ, ಗುಹೆ, ಶತ್ರು ಎಲ್ಲವನ್ನೂ ಮಾತಿನಿಂದಲೇ ಕಲ್ಪಿಸಿ ಹೇಳುತ್ತಾನೆ. ಪಾತ್ರದ ಬಲ, ಬುದ್ಧಿ, ಚಾತುರ್ಯಗಳು ಅಂಕಿಗಳಲ್ಲಿ ಬರೆದಿರುತ್ತವೆ; ಸಂದೇಹವುಳ್ಳ ಕಾರ್ಯದ ಫಲವನ್ನು ದಾಳವನ್ನು ಉರುಳಿಸಿ ತಿಳಿಯುತ್ತಾರೆ. ಒಂದೇ ಕಥೆ ವರ್ಷಗಟ್ಟಲೆ ನಡೆಯುವುದುಂಟು. ಹೀಗೆ ಬೆಳೆಸಿದ ಪಾತ್ರವು ಸತ್ತರೆ ಆಡುವವನಿಗೆ ನಿಜವಾದ ದುಃಖವೇ ಆಗುತ್ತದೆ. ಆದುದರಿಂದ ಪಾತ್ರವು ಹೇಗೆ ಗಾಯಗೊಳ್ಳಬೇಕು, ಹೇಗೆ ಸಾಯಬೇಕು ಎಂಬುದು ಇಲ್ಲಿ ಅಲ್ಪವಿಷಯವಲ್ಲ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ಪ್ರತಿಯೊಬ್ಬ ವೀರನಿಗೂ ‘ಹಿಟ್ ಪಾಯಿಂಟ್’ ಎಂಬ ಪ್ರಾಣಾಂಕವಿದೆ. ಪೆಟ್ಟು ಬಿದ್ದಂತೆ ಅದು ಕುಗ್ಗುತ್ತದೆ, ಅನುಭವ ಹೆಚ್ಚಿದಂತೆ ಬೆಳೆಯುತ್ತದೆ. ಈ ಆಟದ 1978ರ ವಿಸ್ತೃತ ನಿಯಮಗಳನ್ನೇ ನೋಡಬಹುದು. ಹೊಸ ಯೋಧನ ಪ್ರಾಣಾಂಕ ಸರಾಸರಿ ಐದಾರು. ಒಂದು ಖಡ್ಗಪ್ರಹಾರ ಎಂಟರವರೆಗೆ ಕಳೆಯಬಲ್ಲದು. ಒಂದೇ ಪೆಟ್ಟಿಗೆ ಅವನು ಬೀಳಬಹುದು. ಅವನೇ ಒಂಬತ್ತನೆಯ ಮೆಟ್ಟಿಲಿಗೇರಿದಾಗ ಪ್ರಾಣಾಂಕ ಸುಮಾರು 49. ಆಗ ಅಂತಹ ಆರು ಪೂರ್ಣಪ್ರಹಾರಗಳೂ ಅವನನ್ನು ಕೊಲ್ಲಲಾರವು. ಐವತ್ತು ಅಡಿ ಎತ್ತರದಿಂದ ಬಿದ್ದರೆ ಕಳೆಯುವುದು ಹೆಚ್ಚೆಂದರೆ 30; ಅವನು ಎದ್ದು ನಡೆಯುತ್ತಾನೆ. ಅಷ್ಟೇ ಅಲ್ಲ, ಪ್ರಾಣಾಂಕ ಒಂದೇ ಉಳಿದಿದ್ದರೂ ಮೊದಲಿನಷ್ಟೇ ಬಲದಿಂದ ಕಾದುತ್ತಾನೆ.

ಮನುಷ್ಯದೇಹಕ್ಕೆ ಇದು ಸಂಭವವೇ ಎಂಬ ಶಂಕೆ ಸಹಜ. ಗೈಗ್ಯಾಕ್ಸ್ 1979ರ ತಮ್ಮ ಗ್ರಂಥದಲ್ಲಿ ಇದಕ್ಕೆ ಸಮಾಧಾನ ಹೇಳಿದ್ದಾರೆ. ಪ್ರಾಣಾಂಕವೆಂದರೆ ಬರಿಯ ಮಾಂಸಬಲವಲ್ಲ. ಯುದ್ಧಕೌಶಲ, ಅದೃಷ್ಟ, ದೈವಾನುಗ್ರಹಗಳೂ ಅದರಲ್ಲಿ ಅಡಗಿವೆ. ಈ ಆಟವು ವಾಸ್ತವದ ಅನುಕರಣವಲ್ಲ ಎಂಬುದು ಅವರ ಅಭಿಪ್ರಾಯದ ಸಾರ.

ಈ ಸಮಾಧಾನ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1977ರಲ್ಲಿ ಬಂದ ‘ಶಿವಲ್ರಿ ಅಂಡ್ ಸಾರ್ಸರಿ’ ಮಧ್ಯಯುಗದ ಯುರೋಪಿನ ಸಮಾಜವ್ಯವಸ್ಥೆಯನ್ನು, ಹುಟ್ಟಿನ ಅಂತಸ್ತಿನಿಂದ ಮೊದಲ್ಗೊಂಡು, ನಿಯಮಗಳಲ್ಲಿ ತರಲೆಳಸಿತು. 1978ರ ‘ರೂನ್‌ಕ್ವೆಸ್ಟ್’ ಗಾಯದ ಸ್ವರೂಪವನ್ನೇ ಬದಲಿಸಿತು. ಅದರ ಪ್ರಮುಖ ಕರ್ತೃ ಸ್ಟೀವ್ ಪೆರಿನ್, ಕವಚ ತೊಟ್ಟು ಬೆತ್ತದ ಆಯುಧಗಳಿಂದ ಕಾದುವ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ ಎಂಬ ಕೂಟದ ಆರಂಭಕಾಲದ ಸದಸ್ಯರು. ಅವರ ನಿಯಮದಲ್ಲಿ ಪೆಟ್ಟು ತಲೆಗೋ ತೋಳಿಗೋ ಕಾಲಿಗೋ ಎಂಬುದನ್ನು ದಾಳ ಹೇಳುತ್ತದೆ. ಕವಚವು ಪೆಟ್ಟಿನ ಬಲವನ್ನು ಹೀರುತ್ತದೆ. ಅನುಭವದಿಂದ ಕೈಚಳಕ ಬೆಳೆಯುತ್ತದೆಯೇ ಹೊರತು ದೇಹ ಕಬ್ಬಿಣವಾಗುವುದಿಲ್ಲ. ಎಷ್ಟೇ ಪಳಗಿದ ಯೋಧನಾದರೂ ತಲೆಗೆ ಬಿದ್ದ ಒಂದು ಪೆಟ್ಟಿಗೆ ಅಳಿಯಬಹುದು.

ಎರಡು ಪಕ್ಷಗಳಿಗೂ ಗುಣವಿದೆ, ದೋಷವಿದೆ. ವಾಸ್ತವಪಕ್ಷದಲ್ಲಿ ಕತ್ತಿ ಹಿರಿಯುವ ಮೊದಲು ಯೋಚನೆ ಬೇಕು. ಸಂಧಾನ, ಉಪಾಯ, ಪಲಾಯನಗಳಿಗೂ ಬೆಲೆ ಬರುತ್ತದೆ. ಆದರೆ ಲೆಕ್ಕ ಬೆಳೆದು ಕಥೆ ಕುಂಠಿತವಾಗುತ್ತದೆ. ಭಯದಿಂದ ಸಾಹಸವೇ ನಿಂತುಹೋಗಬಹುದು. ವೀರಪಕ್ಷದಲ್ಲಿ ಕಥೆ ಓಡುತ್ತದೆ, ಉತ್ಸಾಹ ಉಕ್ಕುತ್ತದೆ. ಆದರೆ ಸಾವಿನ ಅಂಜಿಕೆಯೇ ಇಲ್ಲದವನ ಧೈರ್ಯಕ್ಕೆ ಬೆಲೆಯೇನು?

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ವಾದ ಹೊಸದಲ್ಲ. ಭಾಮಹನು ಅತಿಶಯೋಕ್ತಿಯಲ್ಲಿ ಅಲಂಕಾರಗಳೆಲ್ಲದರ ಮೂಲವನ್ನು ಕಂಡನು. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಆನಂದವರ್ಧನನು ಇದನ್ನು ಔಚಿತ್ಯದಿಂದ ಅಳೆದನು: ಸಪ್ತಸಮುದ್ರಲಂಘನದಂತಹ ಕಾರ್ಯವನ್ನು ಬರಿಯ ಮಾನವನಾದ ರಾಜನಿಗೆ ಆರೋಪಿಸಿದರೆ ರಸ ಕೆಡುತ್ತದೆ, ದಿವ್ಯಪಾತ್ರಕ್ಕೆ ಅದು ಸಲ್ಲುತ್ತದೆ. ಹಾಗೆಯೇ ಇಲ್ಲಿಯೂ ನಿಯಮವು ನಿಜವೋ ಸುಳ್ಳೋ ಎಂಬುದಕ್ಕಿಂತ, ಹೇಳಹೊರಟ ಕಥೆಗೆ ಉಚಿತವೋ ಎಂಬುದೇ ಸರಿಯಾದ ಪ್ರಶ್ನೆ.

ಗ್ರೆಗ್ ಸ್ಟಾಫರ್ಡ್ 1985ರಲ್ಲಿ ಪ್ರಕಟಿಸಿದ ‘ಪೆಂಡ್ರಾಗನ್’ ಇಂತಹ ಸಮನ್ವಯದ ಒಂದು ಮಾದರಿ. ಆರ್ಥರ್ ರಾಜನ ಯೋಧರ ಈ ಕಥೆಯಲ್ಲಿ ಶೌರ್ಯ-ಹೇಡಿತನ, ಕರುಣೆ-ಕ್ರೌರ್ಯಗಳಂತಹ 13 ಗುಣದ್ವಂದ್ವಗಳಿಗೆ ಅಂಕಗಳಿವೆ. ಪ್ರತಿಯೊಂದು ಜೋಡಿಯ ಮೊತ್ತ 20. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ನಿಷ್ಠೆ, ಪ್ರೀತಿಗಳ ಆವೇಶದಿಂದ ಯೋಧನು ಶಕ್ತಿಮೀರಿ ಕಾದಬಲ್ಲನು. ದಾಳ ಮುನಿದರೆ ವಿಷಾದದಲ್ಲಿ ಮುಳುಗುವನು, ಮತಿಭ್ರಮೆಗೂ ಒಳಗಾಗುವನು. ಗಾಯಗಳು ನಿಧಾನವಾಗಿ ಮಾಯುತ್ತವೆ. ಚಳಿಗಾಲಗಳು ಕಳೆದು ಮುಪ್ಪು ಬರುತ್ತದೆ. ತಂದೆ ಅಳಿದ ಬಳಿಕ ಮಗನು ಕಥೆಯನ್ನು ಮುಂದುವರಿಸುತ್ತಾನೆ. ಇಲ್ಲಿ ಕಾರ್ಯ ಅದ್ಭುತ. ಅದಕ್ಕೆ ತೆರಬೇಕಾದ ಬೆಲೆ ವಾಸ್ತವ.

ನಿಯಮವನ್ನು ಮಾಡುವವರೆಲ್ಲರೂ, ವಿಶೇಷವಾಗಿ ಮಕ್ಕಳಿಗಾಗಿ ಮಾಡುವವರು, ಮನನ ಮಾಡಬೇಕಾದ ವಿಷಯವಿದು. ಒಂದು ತಪ್ಪಿಗೇ ಎಲ್ಲವನ್ನೂ ಕಸಿದುಕೊಳ್ಳುವ ನಿಯಮವು ಅಂಜುಬುರುಕರನ್ನು ಬೆಳೆಸುತ್ತದೆ. ಯಾವ ತಪ್ಪಿಗೂ ನಷ್ಟವಿಲ್ಲದ ನಿಯಮವು ಗೆಲುವನ್ನೇ ಹಗುರಗೊಳಿಸುತ್ತದೆ. ಬಿದ್ದವನಿಗೆ ನೋವಾಗಬೇಕು, ಆದರೆ ಎದ್ದು ನಿಲ್ಲಲು ಅವಕಾಶವೂ ಇರಬೇಕು. ಈ ಎರಡರ ನಡುವಿನ ಅಳತೆಯನ್ನು ಬಲ್ಲವನೇ ಆಟದ ಮೇಜಿನಲ್ಲಿ ಉತ್ತಮ ಸೂತ್ರಧಾರ, ತರಗತಿಯಲ್ಲಿ ಉತ್ತಮ ಉಪಾಧ್ಯಾಯ.