ಕೂಸಿನ ತುರಿಕೆಗೆ ನಂಜು ಕಾರಣವೇ?

ಚಳಿ ಬಲಿಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ಪೆಟ್ಟಿಗೆಯೊಳಗಿನ ಸ್ವೆಟರು, ಕುಲಾವಿ, ಕಂಬಳಿಗಳು ಹೊರಬರುತ್ತವೆ. ಅದರ ಹಿಂದೆಯೇ ಕುತ್ತಿಗೆ ಕೆಂಪಾದ ಮಕ್ಕಳು ಆಸ್ಪತ್ರೆಗೆ ಬರುತ್ತಾರೆ.

ಒಮ್ಮೆ ಪಿರಿಯಾಪಟ್ಟಣ ತಾಲ್ಲೂಕಿನ ಅಜ್ಜಿಯೊಬ್ಬರು ಐದು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದರು. "ನಂಜಾಗೈತೆ ಡಾಕ್ಟ್ರೇ. ಸೊಸೆಗೆ ಬದ್ನೆಕಾಯಿ, ಮೊಟ್ಟೆ, ಮೀನು ಎಲ್ಲ ಬಿಡ್ಸಿವ್ನಿ. ತಿಂಗಳಿಂದ ಬರೀ ಅನ್ನ, ಮೆಣಸಿನ ಸಾರು. ಆದ್ರೂ ವಾಸಿ ಆಗ್ಲಿಲ್ಲ" ಎಂದರು. ಬಾಣಂತಿ ಬಿಳಿಚಿಕೊಂಡು ನಿಂತಿದ್ದಳು.

ಮಗುವಿನ ಸ್ವೆಟರ್ ಕಳಚಿ ನೋಡಿದೆ. ಅದರ ಕೊರಳಪಟ್ಟಿ ತಾಗುವಲ್ಲಿ ಮಾತ್ರ ಕೆಂಪು. ಬೆಂಗಳೂರಿನಲ್ಲಿರುವ ಸೋದರತ್ತೆ 'ಸಾವಯವ ಉಣ್ಣೆ'ಯ ದುಬಾರಿ ನೂಲು ತಂದು ಅಕ್ಕರೆಯಿಂದ ಹೆಣೆದದ್ದಂತೆ.

ಚುಚ್ಚುವುದು ಎಳೆಯ ದಪ್ಪ

ಉಣ್ಣೆಯ ತುರಿಕೆ ಬಹುಪಾಲು ಅಲರ್ಜಿಯಲ್ಲ. ಎಳೆಯು ಸುಮಾರು 30 ಮೈಕ್ರಾನ್‌ಗಿಂತ ದಪ್ಪವಿದ್ದರೆ ಅದರ ತುದಿ ಬಾಗದೆ ಚರ್ಮವನ್ನು ಒತ್ತಿ, ನರತುದಿಗಳನ್ನು ಕೆಣಕುತ್ತದೆ. (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್.) 19 ಮೈಕ್ರಾನ್‌ಗಿಂತ ತೆಳುವಾದ ಮೆರಿನೊ ಉಣ್ಣೆ ಬಾಗುವುದರಿಂದ ಸಾಮಾನ್ಯವಾಗಿ ಚುಚ್ಚುವುದಿಲ್ಲ.

ನಮ್ಮ ಕುರುಬರ ಕಂಬಳಿಗೆ ಬಳಸುವ ಡೆಕ್ಕನಿ ಕುರಿಯ ಉಣ್ಣೆ ಒರಟು. ಜೊತೆಗೆ ಹುಣಸೆಬೀಜದ ಗಂಜಿ ಬೇರೆ. ಮಳೆ, ಚಳಿಗೆ ಅದು ಒಳ್ಳೆಯ ಹೊದಿಕೆಯೇ, ಆದರೆ ಕೂಸಿನ ಬರಿಮೈಗೆ ಸಲ್ಲದು. ಸಾವಯವ ಎಂಬ ಚೀಟಿಯಾದರೋ ಕುರಿ ಸಾಕಿದ ರೀತಿ, ಕೀಟನಾಶಕ, ಬಣ್ಣಗಳ ವಿಷಯ ಹೇಳುತ್ತದೆ. ಎಳೆಯ ದಪ್ಪವನ್ನು ಹೇಳುವುದಿಲ್ಲ.

ಹಾಗೆಂದು ಅಗ್ಗದ 'ಉಲ್ಲನ್' ದಾರವೇ ಮೇಲೆನ್ನುವಂತಿಲ್ಲ. ಪೇಟೆಯಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಅಕ್ರಿಲಿಕ್. ಉಣ್ಣೆಗೆ ಬೇಗ ಬೆಂಕಿ ಹತ್ತದು. ಅಕ್ರಿಲಿಕ್ ಹೊತ್ತಿಕೊಂಡರೆ ಕರಗಿ ಮೈಗೆ ಅಂಟುತ್ತದೆ. ಅದನ್ನು ತೊಡಿಸಿ ಮಗುವನ್ನು ಒಲೆ, ಕೆಂಡದ ಬಳಿ ಒಯ್ಯಬೇಡಿ. ಸಾಂಬ್ರಾಣಿ ಹೊಗೆಯಂತೂ ಎಳೆಯ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಮನೆಯಲ್ಲಿ ಮಾಡಬೇಕಾದ್ದು

* ನೂಲು ಕೊಳ್ಳುವಾಗ ನಿಮ್ಮ ಕುತ್ತಿಗೆಗೆ ಉಜ್ಜಿ ನೋಡಿ. ನಿಮಗೆ ಚುಚ್ಚಿದರೆ ಕೂಸಿಗೂ ಚುಚ್ಚುತ್ತದೆ.

* ಒಳಗೆ ಕೊರಳು ಮುಚ್ಚುವ ಹತ್ತಿಯ ಅಂಗಿ ತೊಡಿಸಿ. ಬೆನ್ನು ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ.

* ಹೆಣೆದ ಕೈಚೀಲ, ಕಾಲುಚೀಲವನ್ನು ಒಳಮಗ್ಗುಲು ತಿರುಗಿಸಿ ನೋಡಿ, ಬಿಡಿ ಎಳೆಗಳನ್ನು ಕತ್ತರಿಸಿ. ಎಳೆ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಂತು ಬೆರಳಿಗೇ ಅಪಾಯ.

* ಮಗುವಿನ ಉಣ್ಣೆಬಟ್ಟೆಯ ನಡುವೆ ನುಸಿಗುಳಿಗೆ ಇಡಬೇಡಿ. 'ಜಿ-6-ಪಿಡಿ' ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು, ತೀವ್ರ ಕಾಮಾಲೆ ತರಬಲ್ಲದು. ಬಟ್ಟೆಯನ್ನು ಒಗೆದು ಚೆನ್ನಾಗಿ ಒಣಗಿಸಿ, ಬಿಗಿಯಾಗಿ ಮುಚ್ಚುವ ಚೀಲದಲ್ಲಿಡಿ.

ಉಣ್ಣೆ ತಾಗದಿದ್ದರೂ ಕೆನ್ನೆಯಲ್ಲಿ, ಕೈಕಾಲು ಮಡಿಕೆಗಳಲ್ಲಿ ತುರಿಕೆಯಿದ್ದರೆ ಅದು ಇಸಬು ಇರಬಹುದು. ನೀರು ಒಸರಿದರೆ, ಕೀವಾದರೆ, ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಆದರೆ ವೈದ್ಯರು ಹೇಳದೆ ಹಾಲೂಡಿಸುವ ತಾಯಿಯ ಮೊಟ್ಟೆ, ಮೀನು, ತರಕಾರಿ ಬಿಡಿಸಬೇಡಿ. ಹೆರಿಗೆಯಲ್ಲಿ ಸೊರಗಿದ ಮೈ ಮತ್ತಷ್ಟು ಸೊರಗುತ್ತದೆ.

ಆ ಮಗುವಿಗೆ ಸ್ವೆಟರಿನೊಳಗೆ ಹಳೆಯ ಹತ್ತಿಯಂಗಿ ತೊಡಿಸಲು ಹೇಳಿದೆ. ಎಂಟೇ ದಿನದಲ್ಲಿ ಕೆಂಪು ಇಳಿಯಿತು. ಅಜ್ಜಿ ಸೊಸೆಗೆ ಮತ್ತೆ ಮೊಟ್ಟೆ ಬೇಯಿಸಿ ಕೊಟ್ಟರಂತೆ. ನನಗೆ ಹೆಚ್ಚು ಸಮಾಧಾನ ತಂದದ್ದು ಅದೇ.